ಚಳಿ ದೇಶದಲ್ಲಿ ಹುಲ್ಲಿನ ಬೇಲ್ ಮನೆ, ಯಾರಾದ್ರೂ ಕಟ್ಟಿದ್ದೀರಾ?

ಗಿರಿ_ಪೀಟರ್‌ಬರೋ:

ಎಲ್ಲರಿಗೂ ನಮಸ್ಕಾರ. ನಾವು ಕೆನಡಾದ ಒಂಟಾರಿಯೋದಲ್ಲಿ, ಪೀಟರ್‌ಬರೋದಿಂದ ಅರ್ಧ ಗಂಟೆ ದೂರದಲ್ಲಿ ಒಂದೂವರೆ ಎಕರೆ ತಗೊಂಡಿದ್ದೀವಿ. ಮುಂದಿನ ವರ್ಷ ಮನೆ ಕಟ್ಟೋ ಯೋಚನೆ, 30 ಅಡಿ 40 ಅಡಿ ಅಳತೆ, ಒಂದೇ ಅಂತಸ್ತು, ದೊಡ್ಡದೇನಲ್ಲ.

ಹೋದ ಜನವರಿಲಿ ಇಲ್ಲೇ ಹತ್ತಿರದ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ವಿ. ಹೊರಗೆ ಮೈನಸ್ 24, ಒಳಗೆ ಕಿಟಕಿ ಕಟ್ಟೆ ಮೇಲೆ ಅವರ ಬೆಕ್ಕು ಕಾಲು ಚಾಚ್ಕೊಂಡು ಮಲಗಿದೆ. ನಮ್ಮ ಬಾಡಿಗೆ ಮನೇಲಿ ಚಳಿಗಾಲದಲ್ಲಿ ಕಿಟಕಿ ಹತ್ರ ಚೇರ್ ಹಾಕ್ಕೊಂಡು ಕೂರೋಕೂ ಆಗಲ್ಲ. ಕಟ್ಟೆ ಯಾಕೆ ಇಷ್ಟು ಅಗಲ ಅಂತ ಕೇಳಿದ್ದಕ್ಕೆ ನಗ್ತಾ ಹಾಲ್‌ಗೆ ಕರ್ಕೊಂಡು ಹೋದ್ರು. ಗೋಡೇಲಿ ನಮ್ಮ ಕಡೆ ದೀಪ ಇಡೋ ಗೂಡಿನಷ್ಟೇ ದೊಡ್ಡದೊಂದು ಸಣ್ಣ ಬಾಗಿಲು, ತೆಗೆದ್ರೆ ಗಾಜು, ಗಾಜಿನ ಹಿಂದೆ ಹುಲ್ಲು! ಗೋಧಿ ಹುಲ್ಲನ್ನ ಯಂತ್ರದಲ್ಲಿ ಒತ್ತಿ ದಾರ ಕಟ್ಟಿದ ಚೌಕ ಕಟ್ಟುಗಳನ್ನ, ಅಂದ್ರೆ ಬೇಲ್‌ಗಳನ್ನ ಜೋಡಿಸಿ ಎರಡೂ ಕಡೆ ಗಾರೆ ಮಾಡಿರೋ ಗೋಡೆಯಂತೆ, ಹದಿನೈದು ವರ್ಷ ಆಗಿದೆಯಂತೆ.

ಅವತ್ತಿಂದ ನನ್ನ ಹೆಂಡ್ತಿಗೂ ನನಗೂ ಅದೇ ಗುಂಗು. ಆದ್ರೆ ಓದಿದಷ್ಟೂ ಗೊಂದಲ. ಗೋಡೆ ಎಷ್ಟು ಶಾಖ ತಡೆಯತ್ತೆ ಅಂತ ಹೇಳೋ ಆರ್ ನಂಬರ್ ಇದೆಯಲ್ಲ, ಒಬ್ಬರು ಅದು ಆರ್-50 ಅಂತಾರೆ, ಇನ್ನೊಬ್ಬರು 27, ಮತ್ತೊಬ್ಬರು ಅದೂ ಇಲ್ಲ ಅಂತಾರೆ. ಮೈನಸ್ 30 ಇರುವಾಗ ಒಳಗಿನ ಹಬೆ ಗೋಡೆಯೊಳಗೆ ಹೋಗಿ ನೀರಾಗಿ ಹುಲ್ಲು ಕೊಳೆಯಲ್ವಾ? ಪರ್ಮಿಟ್ ಕೊಡ್ತಾರಾ? ಖರ್ಚು ನಿಜವಾಗ್ಲೂ ಕಡಿಮೆನಾ? ಬೆಂಕಿ, ಇಲಿ ಕಥೆ ಏನು? ಅಮ್ಮ ಅಂತೂ ಫೋನಲ್ಲಿ "ಇಷ್ಟು ಓದ್ಸಿದ್ದು ಕೊಟ್ಟಿಗೇಲಿ ಇರೋಕಾ" ಅಂದುಬಿಟ್ರು. ಗೊತ್ತಿದ್ದೋರು, ಅದರಲ್ಲೂ ಸ್ವತಃ ಅಂಥ ಮನೇಲಿ ಇರೋರು ಹೇಳಿ ದಯವಿಟ್ಟು.

ಶ್ರುತಿ_ಕೊಲೊರಾಡೊ:

ಗಿರಿ ಅವರೇ, ನಾವು ಬೇಲ್ ಮನೇಲಿ ಹನ್ನೊಂದು ವರ್ಷದಿಂದ ಇದ್ದೀವಿ. ಕೊಲೊರಾಡೊದ ಸ್ಯಾನ್ ಲೂಯಿಸ್ ವ್ಯಾಲಿ, 7500 ಅಡಿಗಿಂತ ಎತ್ತರ, ಇಲ್ಲೂ ಮೈನಸ್ 30 ನೋಡಿದ್ದೀವಿ. ಕ್ರೆಸ್ಟೋನ್ ಕಡೆ ಇಂಥ ಮನೆಗಳು ಬೇಕಾದಷ್ಟಿವೆ, ಇಲ್ಲಿ ಯಾರೂ ಇದನ್ನ ವಿಚಿತ್ರ ಅಂತ ನೋಡೋದೇ ಇಲ್ಲ.

ಬೆಕ್ಕಿನ ವಿಷಯ ಓದಿ ನಗು ಬಂತು, ನಮ್ಮ ಮನೇಲಿ ಆ ಜಾಗಕ್ಕೆ ಬೆಕ್ಕೂ ಮಗಳೂ ಜಗಳ ಆಡ್ತಾರೆ. ಬೆಚ್ಚಗಿರತ್ತೆ, ಅದರಲ್ಲಿ ಎರಡು ಮಾತಿಲ್ಲ. ಗೋಡೆ ಒಳಮೈ ತಣ್ಣಗಾಗಲ್ಲ, ಹಾಗಾಗಿ ಥರ್ಮೋಸ್ಟಾಟ್ 19ಕ್ಕೆ ಇಟ್ರೂ ಚಳಿ ಅನ್ನಿಸಲ್ಲ. ಒಂದು ಸಲ ಹಿಮಗಾಳಿಗೆ ಕರೆಂಟ್ ಹೋಗಿ ಒಂದೂವರೆ ದಿನ ಬರಲಿಲ್ಲ, ಒಲೆಗೆ ಸಂಜೆ ಹೊತ್ತು ನಾಲ್ಕು ಕೊರಡು ಹಾಕಿದ್ದಷ್ಟೇ.

ಆದ್ರೆ ನಮಗೆ ಆದ ಒಂದು ಎಡವಟ್ಟು ಹೇಳಲೇಬೇಕು, ಯಾಕಂದ್ರೆ ನೀವು ಕೇಳಿರೋ ಪ್ರಶ್ನೆಗೆ ಅದೇ ಉತ್ತರ. ನಾಲ್ಕನೇ ವರ್ಷ ಪಶ್ಚಿಮದ ಕಿಟಕಿ ಕೆಳಗೆ ಒಳಗಡೆ ಮಣ್ಣಿನ ಗಾರೆ ಮೇಲೆ ಅಂಗೈ ಅಗಲ ಕಪ್ಪು ಛಾಯೆ ಬಂತು. ನಾನು ಚಹಾ ಚೆಲ್ಲಿದ್ದಿರಬೇಕು ಅಂತ ಸುಮ್ನಿದ್ದೆ. ಎರಡು ತಿಂಗಳಿಗೆ ಅದು ದೊಡ್ಡದಾಯ್ತು, ಮಳೆಗಾಲದ ಮೊದಲ ದಿನ ಗೋಣಿಚೀಲ ಬಿಚ್ಚಿದ ಹಾಗೆ ವಾಸನೆ. ಯಜಮಾನ್ರು ಹೊರಗಡೆಯಿಂದ ಗಾರೆ ಒಡೆದ್ರು. ಒಳಗಿನ ಹುಲ್ಲು ಟೀಪುಡಿ ಥರ ಆಗಿತ್ತು, ಬೆರಳಲ್ಲಿ ಉಜ್ಜಿದ್ರೆ ಪುಡಿಪುಡಿ. ಕಾರಣ ಏನು ಗೊತ್ತಾ, ಹಬೆ ಅಲ್ಲ, ಚಳಿ ಅಲ್ಲ, ಕಿಟಕಿ ಕೆಳಗಿನ ತಗಡನ್ನ ಎರಡೂ ತುದೀಲಿ ಮೇಲಕ್ಕೆ ಮಡಚಿರಲಿಲ್ಲ. ಹಿಮ ಅಲ್ಲಿ ಕೂತು ಕರಗಿ ಮೂಲೆಯಿಂದ ಒಳಗೆ ಇಳಿದಿದೆ, ಮಡಚಿದ್ರೆ ಐದು ನಿಮಿಷದ ಕೆಲಸ. ಎರಡು ಬೇಲ್ ಪೂರ್ತಿ ಕಿತ್ತು ಹೊಸದು ತುರುಕಿ ಮತ್ತೆ ಗಾರೆ ಮಾಡಿದ್ವಿ. ಸಮಾಧಾನ ಅಂದ್ರೆ ಹಾಳಾಗಿದ್ದು ಆ ಎರಡೇ ಬೇಲ್, ಪಕ್ಕದ್ದು ಹಳದಿಯಾಗೇ ಇತ್ತು.

ಇನ್ನೊಂದು ವಿಷಯ, ನಮ್ಮ ಕಣಿವೇಲಿ ವರ್ಷಕ್ಕೆ ಏಳೆಂಟು ಇಂಚು ಮಳೆ. ನಿಮ್ಮಲ್ಲಿ ಅದರ ನಾಲ್ಕು ಪಟ್ಟು. ಹಾಗಾಗಿ ಕೊಲೊರಾಡೊದ ಮನೆ ಫೋಟೋ ನೋಡಿ ಅದೇ ಥರ ಕಟ್ಟಬೇಡಿ ದಯವಿಟ್ಟು.

ಮಣ್ಣುಗಾರೆ:

ಶ್ರುತಿಯವರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ನಾನು ಸ್ಟ್ರಕ್ಚರಲ್ ಇಂಜಿನಿಯರ್, ಒಂಟಾರಿಯೋದಲ್ಲೇ ಇರೋದು, ನಾಲ್ಕು ಬೇಲ್ ಮನೆಗೆ ಡ್ರಾಯಿಂಗ್ ಮಾಡಿದ್ದೀನಿ, ಎರಡರಲ್ಲಿ ಗಾರೆಗೂ ಕೈ ಹಾಕಿದ್ದೀನಿ, ಬೆನ್ನು ಇನ್ನೂ ನೆನಪು ಮಾಡ್ಕೊಳ್ಳತ್ತೆ. ಸ್ವಲ್ಪ ಉದ್ದ ಬರೀತೀನಿ.

ಮೊದಲು ಆ ಆರ್ ನಂಬರ್ ಗೊಂದಲ. ಆರ್-50 ಅನ್ನೋದು ತೊಂಬತ್ತರ ದಶಕದ ಉತ್ಸಾಹ, ಬಿಡಿ ಬೇಲ್ ಮೇಲೆ ಮಾಡಿದ ಅಳತೆಯನ್ನ ಗೋಡೆಗೆ ಹೊಂದಿಸಿ ಬಂದ ಲೆಕ್ಕ. 1998ರಲ್ಲಿ ಟೆನೆಸಿಯ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬ್‌ನಲ್ಲಿ ಗಾರೆ ಮಾಡಿದ ಪೂರ್ತಿ ಗೋಡೆಯನ್ನೇ ಇಟ್ಟು ಅಳೆದ್ರು, 19 ಇಂಚಿನ ಗೋಡೆಗೆ ಆರ್-27.5 ಬಂತು. ಆಮೇಲೆ ಅಮೆರಿಕದ ಮನೆ ಕಟ್ಟೋ ಮಾದರಿ ಕೋಡ್, ಅಂದ್ರೆ ಐಆರ್‌ಸಿ, 2015ರ ಆವೃತ್ತಿಲಿ ಸ್ಟ್ರಾ ಬೇಲ್‌ಗೆ ಅಂತಲೇ ಒಂದು ಅನುಬಂಧ ಸೇರಿಸ್ತು. ಅದು ಇನ್ನೂ ಹುಷಾರು, ಬೇಲ್ ಮಲಗಿಸಿ ಇಟ್ರೆ ಇಂಚಿಗೆ 1.3, ಅಂಚಿನ ಮೇಲೆ ನಿಲ್ಲಿಸಿದ್ರೆ ಇಂಚಿಗೆ 2. ಕಡ್ಡಿಗಳ ದಿಕ್ಕಿನಿಂದ ಈ ವ್ಯತ್ಯಾಸ. ಮಲಗಿಸಿದಾಗ ಕಡ್ಡಿ ಒಳಗಿಂದ ಹೊರಗೆ ಮುಖ ಮಾಡಿರತ್ತೆ, ಶಾಖ ಕೊಳವೆಗುಂಟ ಓಡತ್ತೆ. ನಿಲ್ಲಿಸಿದಾಗ ಅಡ್ಡ ಬೀಳತ್ತೆ.

ಇಲ್ಲಿ ಸಿಗೋ ಎರಡು ದಾರದ ಬೇಲ್ ಹೆಚ್ಚುಕಮ್ಮಿ ಎತ್ತರ 14, ಅಗಲ 18, ಉದ್ದ 36 ಇಂಚು. ಮಲಗಿಸಿದ್ರೆ 18 ಇಂಚಿಗೆ ಸುಮಾರು ಆರ್-23, ನಿಲ್ಲಿಸಿದ್ರೆ 14 ಇಂಚಿಗೇ ಆರ್-28. ಹಾಗಾದ್ರೆ ಎಲ್ಲರೂ ನಿಲ್ಲಿಸೋದೇ ವಾಸಿ ಅಲ್ವಾ ಅಂದ್ರೆ, ನಿಲ್ಲಿಸಿದಾಗ ದಾರ ಹೊರಮೈಗೆ ಬರತ್ತೆ, ಕಂಬಕ್ಕೆ ಹೊಂದಿಸೋಕೆ ಬೇಲ್‌ನಲ್ಲಿ ಕಚ್ಚು ಮಾಡೋಕೆ ಹೋಗಿ ದಾರ ಕತ್ತರಿಸಿದ್ರೆ ಬೇಲ್ ಬಿಚ್ಚಿ ಬೀಳತ್ತೆ, ಗಾರೆಯೂ ಅಷ್ಟು ಚೆನ್ನಾಗಿ ಕಚ್ಚಿಕೊಳ್ಳಲ್ಲ. ಎರಡೂ ನಡಿಯತ್ತೆ. ಇಲ್ಲಿನ ಮಾಮೂಲಿ 2x6 ಮರದ ಕಂಬದ ಗೋಡೇಲಿ ಆರ್-22 ಇನ್ಸುಲೇಷನ್ ಹಾಸು ತುಂಬಿದ್ರೂ ಮರದ ಕಂಬಗಳ ಮೂಲಕ ಶಾಖ ಸೋರಿ ಕೈಗೆ ಸಿಗೋದು ಆರ್-17 ಆಸುಪಾಸು. ಅದಕ್ಕಿಂತ ಬೇಲ್ ಗೋಡೆ ಖಂಡಿತ ಮೇಲು, ಪವಾಡ ಮಾತ್ರ ಅಲ್ಲ.

ಈಗ ಹಬೆ. ಚಳಿಗಾಲದಲ್ಲಿ ಒಳಗಿನ ಬೆಚ್ಚನೆ ತೇವದ ಗಾಳಿ ಹೊರಗೆ ಹೋಗೋಕೆ ನೋಡತ್ತೆ, ನಿಜ. ಅದು ಗಾರೆ ಮೂಲಕ ನಿಧಾನಕ್ಕೆ ಹಾದು ಹೋದ್ರೆ ತೊಂದ್ರೆ ಇಲ್ಲ, ಹುಲ್ಲು ಸ್ವಲ್ಪ ಹೀರಿ ಇಟ್ಕೊಂಡು ವಸಂತದಲ್ಲಿ ಬಿಡತ್ತೆ. ಅದಕ್ಕೇ ಇಲ್ಲಿ ಪ್ಲಾಸ್ಟಿಕ್ ಹಾಳೆ ಹಾಕಬಾರದು, ಹೊರಗೆ ಸಿಮೆಂಟ್ ಮೆತ್ತಬಾರದು, ಹೊರಗಿನ ಗಾರೆ ಒಳಗಿನದಕ್ಕಿಂತ ಸಲೀಸಾಗಿ ಉಸಿರಾಡಬೇಕು. ಸುಣ್ಣ, ಮಣ್ಣು, ಇವೆರಡೇ. ತೊಂದ್ರೆ ಬರೋದು ಸಂದಿಗಳಿಂದ. ಗಾರೆ ಒಣಗುವಾಗ ಕುಗ್ಗಿ ಮರದ ಕಂಬದಿಂದ ಒಂದು ಕೂದಲೆಳೆ ಬಿಡತ್ತೆ, ಗೋಡೆ ಮೇಲೆ ಸೀಲಿಂಗ್ ಸೇರೋ ಕಡೆ ಬಿಡತ್ತೆ, ಸ್ವಿಚ್ ಬಾಕ್ಸ್ ಸುತ್ತ ಬಿಡತ್ತೆ. ಅಲ್ಲಿಂದ ಗಾಳಿ ನುಗ್ಗಿದ್ರೆ ಲೋಟಗಟ್ಟಲೆ ನೀರು ಹೊತ್ಕೊಂಡು ಹೋಗತ್ತೆ. ಹಾಗಾಗಿ ಕಂಬಕ್ಕೆ ಮೊದಲೇ ಕಾಗದದ ಪಟ್ಟಿ, ಅದರ ಮೇಲೆ ಜಾಲರಿ ಹೊಡೆದು ಗಾರೆಯನ್ನ ಅದರ ಮೇಲೆ ಎಳೀಬೇಕು. ಬ್ಲೋವರ್ ಡೋರ್ ಟೆಸ್ಟ್ (ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮನೆ ಎಷ್ಟು ಗಾಳಿ ಸೋರತ್ತೆ ಅಂತ ಅಳೆಯೋದು) ಹೇಗೂ ಮಾಡಿಸಿ, ಅದಕ್ಕೂ ಮುಂಚೆ ಗಾಳಿ ಜೋರಾಗಿರೋ ದಿನ ಒಂದು ಊದಬತ್ತಿ ಹಚ್ಚಿ ಸ್ವಿಚ್ ಬೋರ್ಡ್, ಕಿಟಕಿ ಚೌಕಟ್ಟು, ಸೀಲಿಂಗ್ ಮೂಲೆ ಹತ್ರ ಹಿಡೀರಿ. ಹೊಗೆ ಅಡ್ಡ ತಿರುಗಿದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ. ನಾನು ಪ್ರತಿ ಮನೇಲೂ ಮಾಡ್ತೀನಿ, ಇಲ್ಲಿನ ಕೆಲಸಗಾರರು ನಾನು ಪೂಜೆ ಮಾಡ್ತಿದ್ದೀನಿ ಅಂದ್ಕೊಂಡಿದ್ರು.

ಮತ್ತೆ ನಮ್ಮ ಅಡುಗೆಮನೆ! ಇಲ್ಲಿನವರ ಲೆಕ್ಕಾಚಾರದಲ್ಲಿ ಇಡ್ಲಿ ಪಾತ್ರೆ, ಮೂರು ವಿಷಲ್ ಕುಕ್ಕರ್, ಒಳಗೇ ಬಟ್ಟೆ ಒಣಗಿಸೋದು ಇವೆಲ್ಲ ಬರಲ್ಲ. ಹೊರಗೆ ಗಾಳಿ ಬಿಡೋ ಚಿಮಣಿ, ಜೊತೆಗೆ ಎಚ್‌ಆರ್‌ವಿ (ಹೊರಗೆ ಹೋಗೋ ಗಾಳಿಯ ಶಾಖ ಉಳಿಸ್ಕೊಂಡು ಹೊಸ ಗಾಳಿ ಒಳಗೆ ತರೋ ಯಂತ್ರ) ಎರಡೂ ಬೇಕು. ಚಳಿಗಾಲದಲ್ಲಿ ಒಳಗಿನ ತೇವ 40 ಪರ್ಸೆಂಟ್ ದಾಟದ ಹಾಗೆ ನೋಡ್ಕೊಳ್ಳಿ.

ಪಾಯ ಇಲ್ಲಿ ನಾಲ್ಕು ಅಡಿ ಆಳ, ಅದು ಯಾವ ಮನೆಗಾದ್ರೂ ಅಷ್ಟೇ. ಬೇಲ್‌ನ ಮೊದಲ ಸಾಲು ಹೊರಗಿನ ನೆಲದಿಂದ ಒಂದೂವರೆ ಅಡಿ ಆದ್ರೂ ಮೇಲಿರಲಿ, ಇಲ್ಲಾಂದ್ರೆ ಮಾರ್ಚ್‌ನಲ್ಲಿ ಕರಗೋ ಹಿಮದ ರಾಶಿ ಗೋಡೆಗೆ ಒರಗಿ ನಿಲ್ಲತ್ತೆ. ಒಳಗಡೆಯೂ ಫ್ಲೋರ್‌ಗಿಂತ ಎರಡು ಇಂಚು ಎತ್ತರಕ್ಕೆ ಮರದ ಪಟ್ಟಿ ಕೊಟ್ಟು ನಡುವೆ ಜಲ್ಲಿ ತುಂಬಿಸಿ ಅದರ ಮೇಲೆ ಬೇಲ್ ಇಡ್ತಾರೆ, ವಾಷಿಂಗ್ ಮಷಿನ್ ಪೈಪ್ ಒಡೆದ್ರೂ ಹುಲ್ಲಿಗೆ ನೀರು ತಾಗಬಾರದು ಅಂತ.

ಪರ್ಮಿಟ್ ಸಿಗತ್ತೆ. ಒಂಟಾರಿಯೋ ಕೋಡ್‌ನಲ್ಲಿ ಬೇಲ್‌ಗೆ ಸಿದ್ಧ ನಿಯಮ ಇಲ್ಲ, ಪರ್ಯಾಯ ಪರಿಹಾರ ಅಂತ ಇಂಜಿನಿಯರ್ ಸಹಿ ಜೊತೆ ಕೊಡಬೇಕು. ಕಂಬ ತೊಲೆ ಹೊರೆ ಹೊರಲಿ, ಬೇಲ್ ಬರೀ ತುಂಬೋಕೆ ಅಂತ ಡಿಸೈನ್ ಮಾಡಿದ್ರೆ ಅರ್ಧ ಪ್ರಶ್ನೆ ಕಡಿಮೆ. ಅದಕ್ಕಿಂತ ದೊಡ್ಡ ಲಾಭ, ಮೊದಲು ಚಾವಣಿ ಮುಗಿಸಿ ಆಮೇಲೆ ಅದರ ನೆರಳಲ್ಲಿ ಬೇಲ್ ಜೋಡಿಸಬಹುದು.

ಸಿಂಧನೂರು_ಬಸು:

ನಮಸ್ಕಾರ್ರೀ ಎಲ್ಲಾರಿಗೂ. ನಾ ಮನಿ ಕಟ್ಟಾಂವಲ್ಲ, ಹುಲ್ಲು ಬೆಳಿಯಾಂವ, ಆದ್ರ ಹುಲ್ಲಿನ ಬಗ್ಗೆ ಎರಡು ಮಾತು ಹೇಳ್ಬೋದು ಅನ್ಸ್ತು.

ಸರ, ಬೇಲ್ ತಗೊಳ್ಳೂ ಮುಂದ ಬರೇ ಕಣ್ಣಿಲೆ ನೋಡಬ್ಯಾಡ್ರಿ. ಕೈ ನಡಬರಕ ತುರುಕ್ರಿ, ಬಿಸಿ ಹತ್ತಿದ್ರ ಬಿಟ್ಟು ಬರ್ರಿ. ಹಸಿ ಇದ್ದಾಗ ಬಿಗಿದು ಕಟ್ಟಿದ್ರ ಒಳಗ ಕಾವು ಏರ್ತೈತಿ, ಹಂಗ ಬಣವಿ ತಾನಾ ಹೊತ್ತಿಕೊಂಡದ್ದು ಹಳ್ಯಾಗ ಎಲ್ಲಾರಿಗೂ ಗೊತ್ತು. ಆಮ್ಯಾಲ ಮೂಸಿ ನೋಡ್ರಿ, ಮುಗ್ಗಲು ವಾಸನಿ ಬರಬಾರ್ದು. ಒಟ್ಟಿದ್ದರಾಗ ನೆಲಕ್ಕ ಹತ್ತಿದ ಕೆಳಗಿನ ಸಾಲು ಬ್ಯಾಡ ಅನ್ರಿ, ಅದು ನೆಲದ ತ್ಯಾವ ಕುಡದಿರ್ತೈತಿ. ಒಂದು ದಾರ ಹಿಡದು ಎತ್ರಿ, ನಡು ಜೋತು ಬಿದ್ರ ಸಡ್ಲ ಕಟ್ಯಾರಂತ ತಿಳ್ಕೋರಿ.

ನಮ್ಮ ಕಡೆ ತುಂಗಭದ್ರಾ ಎಡದಂಡಿ ನೀರಾಗ ಬರೇ ಭತ್ತ. ಮಷಿನ್ ಕೊಯ್ದ ಮ್ಯಾಲ ಹುಲ್ಲು ಹೊಲದಾಗ ಬೀಳ್ತೈತಿ, ಈಗೀಗ ಬೇಲರ್ ಬಂದಾವ, ಆದ್ರೂ ಎಷ್ಟೋ ಮಂದಿ ಕಡ್ಡಿ ಗೀರಿ ಬಿಡ್ತಾರ. ಇದರ್ಲೇನೂ ಮನಿ ಕಟ್ಟಾಕ ಬರ್ತೈತೇನ್ರಿ? ಇಲ್ಲಾ ಗೋಧಿ ಹುಲ್ಲೇ ಆಗಬೇಕಾ?

ಮಣ್ಣುಗಾರೆ:

ಬಸು ಸರ್, ನೀವು ಹೇಳಿದ ದಾರದ ಪರೀಕ್ಷೆ ಇಲ್ಲಿನ ಕೈಪಿಡಿಗಳಲ್ಲೂ ಇರೋದೇ, ನೀವು ಒಂದೇ ಸಾಲಲ್ಲಿ ಹೇಳಿಬಿಟ್ರಿ. ಲೆಕ್ಕದಲ್ಲಿ ಹೇಳೋದಾದ್ರೆ ಘನ ಅಡಿಗೆ ಕನಿಷ್ಠ ಆರೂವರೆ ಪೌಂಡ್ ಒಣ ತೂಕ ಇರಬೇಕು, ಅಂದ್ರೆ 14-18-36 ಬೇಲ್ ಒಂದು ಹದಿನೈದೂವರೆ ಕೆಜಿ ಆದ್ರೂ ತೂಗಬೇಕು. ತೇವ 20 ಪರ್ಸೆಂಟ್ ದಾಟಬಾರದು.

ಭತ್ತದ ಹುಲ್ಲು ಧಾರಾಳವಾಗಿ ಆಗತ್ತೆ, ಅದರಲ್ಲಿ ಸಿಲಿಕಾ ಜಾಸ್ತಿ, ಬೇಗ ಕೊಳೆಯಲ್ಲ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೇಲಿ ನಿಮ್ಮಲ್ಲಿ ಹೇಗೋ ಹಾಗೇ ಭತ್ತದ ಹೊಲಕ್ಕೆ ಬೆಂಕಿ ಇಡ್ತಿದ್ರು. 1991ರಲ್ಲಿ ಕಾನೂನು ಮಾಡಿ ಹಂತಹಂತವಾಗಿ ಸುಡೋದನ್ನ ಇಳಿಸಿದ್ರು, ಹುಲ್ಲು ಏನ್ಮಾಡೋದು ಅಂತ ತಲೆ ಕೆಡಿಸ್ಕೊಂಡಾಗ ಅದರಲ್ಲಿ ಒಂದಿಷ್ಟು ಮನೆ ಗೋಡೆಗೂ ಹೋಯ್ತು. ಸಿಂಧನೂರಲ್ಲಿ ಮಾತ್ರ ಆರ್-28 ಗೋಡೆ ಕಟ್ಟಿ ಏನು ಮಾಡ್ತೀರಿ, ಗೆದ್ದಲಿಗೆ ಹಬ್ಬ ಅಷ್ಟೇ :)

ಅಂದಹಾಗೆ ಕನ್ನಡದಲ್ಲಿ ಹಸಿಹುಲ್ಲು ಒಣಗಿಸಿದ್ದೂ ಹುಲ್ಲೇ, ಕಾಳು ಬಡಿದು ಉಳಿದ ಕಡ್ಡಿಯೂ ಹುಲ್ಲೇ. ಇಲ್ಲಿ ಎರಡಕ್ಕೂ ಬೇರೆ ಹೆಸರು, ಹೇ ಮತ್ತು ಸ್ಟ್ರಾ. ಗಿರಿ, ರೈತನ ಹತ್ರ ಹೋದಾಗ ಇದು ನೆನಪಿರಲಿ. ಹೇ ದನದ ಮೇವು, ಎಲೆ ಬೀಜ ಎಲ್ಲ ಇರತ್ತೆ, ಬೂಷ್ಟಿಗೂ ಅದು ಮೇವೇ. ನಿಮಗೆ ಬೇಕಾಗಿರೋದು ಕಾಳು ಹೋದ ಬರೀ ಕಡ್ಡಿ.

ಸುಮ್ನೆ_ಹೇಳ್ದೆ:

ಎಲ್ಲರೂ ಹೊಗಳ್ತಿದ್ದೀರಾ, ನಾನು ಸ್ವಲ್ಪ ನೀರು ಹಾಕ್ತೀನಿ, ಹುಲ್ಲಿಗಲ್ಲ ಉತ್ಸಾಹಕ್ಕೆ.

ಗಿರಿ, 30 ಅಡಿ 40 ಅಡಿ ಹೊರ ಅಳತೆ ಅಂದ್ರೆ ಸುತ್ತಳತೆ 140 ಅಡಿ. ಮಾಮೂಲಿ ಗೋಡೆ ಎಂಟು ಇಂಚು, ಬೇಲ್ ಗೋಡೆ ಗಾರೆ ಸೇರಿ ಇಪ್ಪತ್ತು ಇಂಚು. ಒಂದು ಅಡಿ ಹೆಚ್ಚಿಗೆ ಹೋಯ್ತು, 130 ಚದರಡಿಗೂ ಮೇಲೆ, ಒಂದು ಸಣ್ಣ ಬೆಡ್‌ರೂಮೇ ಗೋಡೆ ಹೊಟ್ಟೆಗೆ. ಆಮೇಲೆ ಹುಲ್ಲು ಅಗ್ಗ, ಗಾರೆ ಅಗ್ಗ ಅಲ್ಲ. ಕಿಟಕಿ ಬಾಗಿಲು ಕಳೆದು ಸಾವಿರ ಚದರಡಿ ಗೋಡೆ ಅಂದ್ಕೊಳ್ಳಿ, ಒಂದು ಇಂಚು ದಪ್ಪಕ್ಕೆ 83 ಘನ ಅಡಿ ಗಾರೆ, ಹತ್ತಿರ ಹತ್ತಿರ ನಾಲ್ಕು ಟನ್. ಒಳಗೊಂದು ಹೊರಗೊಂದು, ಅದೂ ಮೂರು ಕೋಟ್‌ನಲ್ಲಿ. ಯಾರು ಕಲಸ್ತಾರೆ, ಯಾರು ಮೆತ್ತುತ್ತಾರೆ? ಇಲ್ಲಿ ಕೂಲಿ ಕೊಟ್ಟು ಮಾಡಿಸಿದ್ರೆ ಉಳಿತಾಯ ಎಲ್ಲ ಅಲ್ಲೇ ಮುಗೀತು. ಗೋಡೆ ಅನ್ನೋದೇ ಮನೆ ಖರ್ಚಲ್ಲಿ ಒಂದು ಸಣ್ಣ ಪಾಲು, ಪಾಯ, ಚಾವಣಿ, ಪ್ಲಂಬಿಂಗ್, ಬೋರು, ಸೆಪ್ಟಿಕ್ ಎಲ್ಲ ಅಷ್ಟೇ ದುಡ್ಡು ಕೇಳತ್ತೆ. ಎರಡು ಸಾಲು ಕಂಬ ನಿಲ್ಲಿಸಿ ನಡುವೆ ಹಳೇ ಪೇಪರ್‌ನಿಂದ ಮಾಡಿದ ಸೆಲ್ಯುಲೋಸ್ ಊದಿಸಿದ್ರೆ ಹನ್ನೆರಡು ಇಂಚಿಗೆ ಆರ್-40, ಯಾವ ಕಂಟ್ರಾಕ್ಟರ್ ಬೇಕಾದ್ರೂ ಮಾಡ್ತಾನೆ, ಬ್ಯಾಂಕಿನವರೂ ಪ್ರಶ್ನೆ ಕೇಳಲ್ಲ. ನನ್ನ ಸ್ನೇಹಿತ ಒಬ್ಬನಿಗೆ ಇನ್ಶೂರೆನ್ಸ್‌ನವರು ಹುಲ್ಲು ಅನ್ನೋ ಪದ ಕೇಳಿದ ಕೂಡಲೇ ಫೋನ್ ಇಟ್ಟರು, ಮೂರನೇ ಕಂಪನಿ ಒಪ್ಕೊಳ್ತು, ಅದೂ ಹೆಚ್ಚಿನ ಪ್ರೀಮಿಯಂಗೆ. ನಿಮಗೆ ಬೇಕಾಗಿರೋದು ಬೆಚ್ಚಗಿನ ಮನೇನಾ ಅಥವಾ ಹುಲ್ಲಿನ ಮನೇನಾ, ಮೊದಲು ಅದನ್ನ ಕೇಳ್ಕೊಳ್ಳಿ.

ಶ್ರುತಿ_ಕೊಲೊರಾಡೊ:

ಲೆಕ್ಕ ಸರಿಯಾಗಿದೆ, ನಾನು ಜಗಳ ಆಡಲ್ಲ. ನಮಗೂ ಉಳಿತಾಯ ಆಗಿದ್ದು ಕೂಲಿ ಕೊಡದೇ ಇದ್ದಿದ್ದಕ್ಕೆ ಮಾತ್ರ. ಬೇಲ್ ಜೋಡಿಸೋಕೆ ಮೂರು ದಿನಕ್ಕೆ ಇಪ್ಪತ್ತು ಜನ ಸ್ನೇಹಿತರು ಬಂದ್ರು, ಪುಳಿಯೋಗರೆ, ಮೊಸರನ್ನ ಮಾಡಿ ಹಾಕಿದ್ದೇ ಖರ್ಚು. ಗಾರೆಗೆ ಬನ್ನಿ ಅಂದಾಗ ಬಂದಿದ್ದು ನಾಲ್ಕು ಜನ :( ಆ ಬೇಸಿಗೆ ಪೂರ್ತಿ ನಾವಿಬ್ಬರೇ ಮೆತ್ತಿದ್ವಿ, ಉಗುರಿನ ಸಂದೀಲಿ ಸುಣ್ಣ ಹೋಗಿ ಚರ್ಮ ಸೀಳಿತ್ತು. ಗ್ಲೌಸ್ ಹಾಕ್ಕೊಳ್ಳಿ, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಸುಣ್ಣ ತಮಾಷೆ ಅಲ್ಲ.

ಬೆಂಕಿ ಬಗ್ಗೆ, ಗಾರೆ ಆದ ಮೇಲೆ ಅಷ್ಟು ಭಯ ಇಲ್ಲ, ಬಿಗಿಯಾದ ಬೇಲ್ ಒಳಗೆ ಗಾಳಿ ಕಡಿಮೆ, ಅದು ಸುಲಭಕ್ಕೆ ಉರಿಯಲ್ಲ. 2006ರ ಸುಮಾರಿಗೆ ಅಮೆರಿಕದಲ್ಲಿ ಮಾಡಿದ ಬೆಂಕಿ ಪರೀಕ್ಷೆಲಿ ಮಣ್ಣಿನ ಗಾರೆ ಗೋಡೆ ಒಂದು ಗಂಟೆ, ಸಿಮೆಂಟು ಸುಣ್ಣದ ಗಾರೆ ಗೋಡೆ ಎರಡು ಗಂಟೆ ಪಾಸಾಗಿದೆ. ಇನ್ಶೂರೆನ್ಸ್‌ನವರಿಗೆ ಆ ರಿಪೋರ್ಟ್ ಮೊದಲೇ ಕಳಿಸಿ, ಫೋನಲ್ಲಿ ಹುಲ್ಲು ಅನ್ನಬೇಡಿ. ನಿಜವಾದ ಅಪಾಯ ಕಟ್ಟುವಾಗ. ನೆಲದ ತುಂಬ ಮೊಣಕಾಲುದ್ದ ಬಿಡಿ ಹುಲ್ಲು ಬಿದ್ದಿರತ್ತೆ, ಅದು ಪೆಟ್ರೋಲ್ ಥರ. ದಿನಾ ಸಂಜೆ ಗುಡಿಸಲೇಬೇಕು, ಆ ಜಾಗದಲ್ಲಿ ಗ್ರೈಂಡರ್, ವೆಲ್ಡಿಂಗ್, ಸಿಗರೇಟು ಯಾವುದೂ ಬೇಡ. ಇಲಿಗೆ ಗಾರೆ ಕೊರೆಯೋದು ಸುಲಭ ಅಲ್ಲ, ತೂತು ಬಿಟ್ಟಿದ್ರೆ ಯಾವ ಮನೆಗಾದ್ರೂ ಬರತ್ತೆ.

ಮಲ್ನಾಡ್_ಮಾವ:

ಗಿರಿ, ನಂಗೆ ಕೆನಡಾ ಗೊತ್ತಿಲ್ಲ ಮಾರಾಯ, ಆದ್ರೆ ಮಣ್ಣಿನ ಗೋಡೆ, ಮಳೆ ಎರಡೂ ಗೊತ್ತು. ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಮನೆ ಮಣ್ಣಿನ ಗೋಡೇದು, ನೂರು ವರ್ಷ ದಾಟಿದೆ. ಆಗುಂಬೆ ಮಳೆ ಪಕ್ಕದಲ್ಲೇ ಇಟ್ಕೊಂಡು ಹೆಂಗೆ ನಿಂತಿದೆ ಅಂತ ಕೇಳಿದ್ರೆ, ಸೂರು. ಮೂರು ಅಡಿ ಮುಂದಕ್ಕೆ ಚಾಚಿರೋ ಸೂರು, ಕೆಳಗೆ ಕಲ್ಲಿನ ಜಗಲಿ. ಅಷ್ಟಾದ್ರೂ ಗಾಳಿಮಳೆ ಬೀಸೋ ದಿಕ್ಕಿನ ಗೋಡೆಗೆ ಮೇ ಕೊನೆಗೆ ಅಡಿಕೆ ಸೋಗೆ ಕಟ್ತಿದ್ರು, ಗೋಡೆಗೆ ಒತ್ತಿ ಅಲ್ಲ, ಒಂದು ಗೇಣು ಬಿಟ್ಟು. ಮಳೆ ಸೋಗೆಗೆ ಹೊಡೀತದೆ, ನೀರು ಸೋಗೆ ಹಿಡಿದು ಇಳೀತದೆ, ಹಿಂದೆ ಗಾಳಿ ಆಡ್ತದೆ, ಗೋಡೆ ಒಣಗೇ ಇರ್ತದೆ. ನೀವು ಅಲ್ಲಿ ಸೋಗೆ ಎಲ್ಲಿಂದ ತರ್ತೀರೋ ಗೊತ್ತಿಲ್ಲ.

ಸುಣ್ಣದ ಗಾರೆ ಅಂದ್ರಲ್ಲ, ನಮ್ಮಲ್ಲಿ ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ವಾರಗಟ್ಟಲೆ ಕೊಳೆ ಹಾಕ್ತಿದ್ರು. ಅಮ್ಮಂಗೆ ಇದನ್ನ ಹೇಳು, ಕೊಟ್ಟಿಗೆ ಅಂದಿದ್ದು ವಾಪಸ್ ತಗೊಂತಾರೆ.

ಮಣ್ಣುಗಾರೆ:

ಮಾವ, ಸೋಗೆ ಇಲ್ಲೂ ಇದೆ! ಮರದ ಹಲಗೆ ಸೈಡಿಂಗ್ ಅಂತ ಮಾಡ್ತಾರೆ. ಬೇಲ್ ಹೊರಮೈಗೆ ಒಂದು ಕೋಟ್ ಗಾರೆ ಮೆತ್ತಿ, ಅದರ ಮುಂದೆ ಮುಕ್ಕಾಲು ಇಂಚು ಸಂದಿ ಬಿಟ್ಟು ಹಲಗೆ ಹೊಡೀತಾರೆ, ಕೆಳಗೂ ಮೇಲೂ ಗಾಳಿಗೆ ದಾರಿ. ನೀವು ಒಂದು ಗೇಣು ಬಿಟ್ಟಿದ್ದು, ಇವರು ಮುಕ್ಕಾಲು ಇಂಚು ಅಷ್ಟೇ. ಗಿರಿ, ಕನಿಷ್ಠ ಪಶ್ಚಿಮ ಮತ್ತು ಉತ್ತರದ ಗೋಡೆಗೆ ಇದನ್ನ ಮಾಡಿ, ಹೊರಗಿನ ಗಾರೆ ಕೆಲಸವೂ ಕಡಿಮೆ ಆಗತ್ತೆ. ನಾನು ಮಾಡಿದ ನಾಲ್ಕರಲ್ಲಿ ಹಲಗೆ ಹೊಡೆದ ಎರಡು ಮನೆಯ ಯಜಮಾನರು ನನಗೆ ಫೋನೇ ಮಾಡಲ್ಲ, ಉಳಿದ ಇಬ್ಬರು ಪ್ರತಿ ಏಪ್ರಿಲ್ ಮಾಡ್ತಾರೆ, ಬಿರುಕು ಕಾಣ್ತಿದೆ ಅಂತ.

ಹಳೇದು ಎಷ್ಟು ದಿನ ಬಾಳತ್ತೆ ಅಂತ ಯಾರಾದ್ರೂ ಕೇಳಿದ್ರೆ, ಈ ಪದ್ಧತಿ ಶುರುವಾಗಿದ್ದೇ ಚಳಿ ಸೀಮೆಯಿಂದ. ಅಮೆರಿಕದ ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್‌ನಲ್ಲಿ ಮರ ಇಲ್ಲ, ಮಣ್ಣು ಬರೀ ಮರಳು, ಬೇಲ್ ಮಾಡೋ ಯಂತ್ರ ಬಂದಿತ್ತು, ಹೋಗಿ ನೆಲೆಸಿದವರು ಬೇಲನ್ನೇ ಇಟ್ಟಿಗೆ ಥರ ಪೇರಿಸಿದ್ರು. ಅಲ್ಲಿನ ಆರ್ಥರ್ ಅನ್ನೋ ಊರಲ್ಲಿ 1928ರ ಚರ್ಚು ಇನ್ನೂ ನಿಂತಿದೆ. ಫ್ರಾನ್ಸಿನ ಮೋಂತಾರ್ಜಿಯಲ್ಲಿ ಫೊಯೆಟ್ ಅನ್ನೋ ಇಂಜಿನಿಯರ್ 1920ರಲ್ಲಿ ಕಟ್ಟಿದ ಮನೆಯೂ ಇದೆ, ಅದು ಮರದ ಚೌಕಟ್ಟಿಗೆ ಬೇಲ್ ತುಂಬಿದ್ದು, ನಾನು ನಿಮಗೆ ಹೇಳ್ತಿರೋದೂ ಅದನ್ನೇ. ನೆಬ್ರಾಸ್ಕದಲ್ಲಿ ಗಾರೆ ಮಾಡದೇ ಬಿಟ್ಟ ಒಂದು ಶಾಲೆಯನ್ನ ದನಗಳು ತಿಂದು ಮುಗಿಸಿದ್ವು ಅಂತಲೂ ಹೇಳ್ತಾರೆ. ಅಮ್ಮಂಗೆ ಇದನ್ನ ಮಾತ್ರ ಹೇಳಬೇಡಿ.

ಸುಮ್ನೆ_ಹೇಳ್ದೆ ಅವರ ಸೆಲ್ಯುಲೋಸ್ ಮಾತು ತಳ್ಳಿಹಾಕೋ ಹಾಗಿಲ್ಲ. ದುಡ್ಡು ಕೊಟ್ಟು ಎಲ್ಲ ಮಾಡಿಸೋ ಹಾಗಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಕೈಯಲ್ಲಿ ಒಂದು ಬೇಸಿಗೆ, ಮೈಯಲ್ಲಿ ಶಕ್ತಿ ಇದ್ರೆ ಮಾತ್ರ ಬೇಲ್. ಮತ್ತೆ ಕ್ಯಾಲೆಂಡರ್ ನೋಡ್ಕೊಳ್ಳಿ, ಎಲ್ಲರೂ ಮುಗ್ಗರಿಸೋದು ಇಲ್ಲೇ. ಇಲ್ಲಿ ಚಳಿಗಾಲದ ಗೋಧಿ ಕೊಯ್ಲು ಜುಲೈನಲ್ಲಿ. ಆ ಹೊಸ ಬೇಲ್‌ಗೆ ಕಾದ್ರೆ ಜೋಡಿಸೋಕೆ ಆಗಸ್ಟ್, ಸುಣ್ಣದ ಗಾರೆ ಸೆಪ್ಟೆಂಬರ್‌ಗೆ ಹೋಗತ್ತೆ, ಸುಣ್ಣ ಗಟ್ಟಿಯಾಗೋಕೆ ವಾರಗಳು ಬೇಕು, ಅಷ್ಟರಲ್ಲಿ ಮಂಜು ಬಿದ್ದು ಒಳಗಿನ ನೀರು ಹೆಪ್ಪುಗಟ್ಟಿದ್ರೆ ವಸಂತದಲ್ಲಿ ಹಪ್ಪಳದ ಥರ ಎದ್ದು ಬರತ್ತೆ. ಕಣ್ಣಾರೆ ನೋಡಿದ್ದೀನಿ, ಇಡೀ ಉತ್ತರದ ಗೋಡೆ. ಹಾಗಾಗಿ ಈ ವರ್ಷದ ಬೇಲನ್ನೇ ಈಗ ಕೊಂಡು ಒಣ ಅಟ್ಟದಲ್ಲಿ ಹಲಗೆ ಮೇಲೆ ಒಟ್ಟಿಡಿ, ಮುಂದಿನ ವರ್ಷ ಮೇನಲ್ಲಿ ಚೌಕಟ್ಟು, ಚಾವಣಿ, ಜೂನ್ ಕೊನೆಗೆ ಬೇಲ್, ಆಗಸ್ಟ್ ಒಳಗೆ ಹೊರಗಾರೆ ಮುಗೀಬೇಕು. ಮಲಗಿಸಿ ಇಟ್ರೆ ಬೇಲ್‌ಗೆ ಮೂರೂವರೆ ಚದರಡಿ, ಸಾವಿರ ಚದರಡಿ ಗೋಡೆಗೆ ನಿಮಗೆ 286 ಬೇಕು. ಒಡೆದುಹೋಗೋದು ಸೇರಿ 320 ತಗೊಳ್ಳಿ.

ಗೋಡೆಯೊಳಗೆ ತೇವ ಎಷ್ಟಿದೆ ಅಂತ ನೋಡೋಕೆ ಇಲ್ಲಿನ ವಸತಿ ನಿಗಮದ ಸಂಶೋಧನೆಗಳಲ್ಲಿ ಬಳಸಿದ ಸುಲಭ ಉಪಾಯ ಇದೆ. ಸಣ್ಣ ಮರದ ಬಿಲ್ಲೆಗೆ ಎರಡು ತಂತಿ ಕಟ್ಟಿ, ತೂತಿರೋ ಪೈಪ್ ತುದೀಲಿ ಕೂರಿಸಿ ಬೇಲ್‌ನೊಳಗೆ ಬಿಡೋದು, ಮರದ ತೇವ ಅಳೆಯೋ ಮೀಟರನ್ನ ಹೊರಗಿನ ತಂತಿಗೆ ತಾಗಿಸಿದ್ರೆ ರೀಡಿಂಗ್. ಪ್ರತಿ ಕಿಟಕಿ ಕೆಳಗೆ ಒಂದು, ಉತ್ತರದ ಗೋಡೆ ಬುಡದಲ್ಲಿ ಎರಡು. ಶ್ರುತಿಯವರ ಹಾಗೆ ಕಲೆ ಕಾಣೋವರೆಗೆ ಕಾಯೋದು ಬೇಡ.

ಗಿರಿ_ಪೀಟರ್‌ಬರೋ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಎರಡು ದಿನ ಕೂತು ಎಲ್ಲ ಓದಿದ್ವಿ. ನಾನು ಚಳಿ ಚಳಿ ಅಂತ ಆರ್ ನಂಬರ್ ಹಿಂದೆ ಬಿದ್ದಿದ್ದೆ, ನೀವೆಲ್ಲ ಬರೀ ನೀರಿನ ಬಗ್ಗೆ ಮಾತಾಡಿದ್ದೀರಿ. ಪ್ಲಾನ್ ಬದಲಾಯಿಸ್ತಿದ್ದೀವಿ. ಸೂರು ಎರಡು ಅಡಿ ಇತ್ತು, ಮೂರು ಮಾಡಿಸ್ತೀವಿ. ಪಶ್ಚಿಮ, ಉತ್ತರ ಹಲಗೆ. ಮಲ್ನಾಡ್ ಮಾವ ಹೇಳಿದ್ದನ್ನ ಅಮ್ಮಂಗೆ ಓದಿ ಹೇಳಿದೆ, "ನಮ್ಮ ತವರು ಮನೆಗೂ ಸೋಗೆ ಕಟ್ತಿದ್ರು ಕಣೋ" ಅಂದ್ರು, ಆಮೇಲೆ ಕೊಟ್ಟಿಗೆ ಮಾತು ಬಂದಿಲ್ಲ. ಸುಮ್ನೆ_ಹೇಳ್ದೆ ಅವರೇ, ಚಾವಣಿಗೆ ಸೆಲ್ಯುಲೋಸೇ, ಅಲ್ಲಿ ನಿಮ್ಮ ಮಾತು ಗೆದ್ದಿದೆ. ಬೆಡ್‌ರೂಮ್ ಸಣ್ಣದಾಗೋದಕ್ಕೆ ಹೆಂಡ್ತಿ ಇನ್ನೂ ಒಪ್ಪಿಲ್ಲ, ಅದಕ್ಕೆ ಬೇಲ್ ನಿಲ್ಲಿಸಿ ಕಟ್ಟಿದ್ರೆ ಎಷ್ಟು ಜಾಗ ವಾಪಸ್ ಸಿಗತ್ತೆ ಅಂತ ಡ್ರಾಯಿಂಗ್ ಹಾಕಿಸ್ತಿದ್ದೀವಿ.

ನಿನ್ನೆ ಹತ್ತಿರದ ಒಬ್ಬ ರೈತರ ಹತ್ರ ಹೋಗಿದ್ದೆ. ಬಸು ಅವರು ಹೇಳಿದ ಹಾಗೆ ಬೇಲ್ ನಡುವಿಗೆ ಕೈ ತುರುಕಿ, ಮೂಸಿ ನೋಡಿದೆ. ಅಜ್ಜ ನನ್ನ ಒಂದು ನಿಮಿಷ ದಿಟ್ಟಿಸಿ ನೋಡಿ "ನೀನು ರೈತರ ಮಗನಾ" ಅಂದ್ರು. ಬಿಗಿ ಚೆನ್ನಾಗಿದೆ, ಒಂದು ದಾರದಲ್ಲಿ ಎತ್ತಿದ್ರೂ ಜೋತು ಬೀಳಲಿಲ್ಲ, ಬಾತ್‌ರೂಮಿನ ತಕ್ಕಡಿ ಒಯ್ದಿದ್ದೆ, 17 ಕೆಜಿ ಬಂತು. ತೇವ ಎಷ್ಟು ಅಂತ ಮಾತ್ರ ಗೊತ್ತಾಗಲಿಲ್ಲ. ಬೇಲ್‌ಗೆ ಚುಚ್ಚೋ ಉದ್ದ ಕಡ್ಡಿಯ ತೇವ ಮೀಟರ್ ಟೊರಾಂಟೊ, ಪೀಟರ್‌ಬರೋ ಕಡೆ ಯಾರ ಹತ್ರ ಆದ್ರೂ ಇದೆಯಾ? ಒಂದು ವಾರಕ್ಕೆ ಕೊಟ್ರೆ ಸಾಕು, ನಾನೇ ಬಂದು ತಗೊಂಡು ಹೋಗ್ತೀನಿ. ಶನಿವಾರದೊಳಗೆ 320 ಬೇಲ್‌ಗೆ ಅಡ್ವಾನ್ಸ್ ಕೊಡಬೇಕು.